ತೋಳಿನ ಗಂಟು ರೋಗದ ತೀರ್ಪಲ್ಲ

(ಸಿಕಂದರಾಬಾದಿನಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಚಾಪೆಗೆ ಚಾಪೆ ತಾಗಿಸಿ ಮಲಗುವವರು ನಾವು. ಅಂಥ ಒಂದು ಕೋಣೆಯಲ್ಲಿ ನಮ್ಮ ಗೆಳೆಯನೊಬ್ಬನಿಗೆ ಕ್ಷಯವೆಂದು ತಿಳಿಯಿತು. ಜತೆಯವರ ತೋಳಿಗೆ ಸೂಜಿ ಚುಚ್ಚಿ ನೋಡಿದರು. ಮೂವರಿಗೆ ಗಂಟು ಎದ್ದಿತು. ಮರುದಿನವೇ ಧಣಿಗಳು ಆ ಮೂವರ ಲೆಕ್ಕ ತೀರಿಸಿ ಊರಿಗೆ ಕಳುಹಿಸಿದರು. ಅವರಿಗೆ ಕೆಮ್ಮೂ ಇರಲಿಲ್ಲ, ಜ್ವರವೂ ಇರಲಿಲ್ಲ. ಆದುದರಿಂದ ಈ ವಿಷಯವನ್ನು ನಾವೆಲ್ಲರೂ ಸರಿಯಾಗಿ ತಿಳಿಯಬೇಕು.

ಈ ಸೂಜಿಗೆ ಮಾಂಟೂ ಪರೀಕ್ಷೆ ಎಂದು ಹೆಸರು. ಕ್ಷಯದ ಕ್ರಿಮಿಯಿಂದ ತೆಗೆದ ಸಾರವನ್ನು ಮುಂಗೈ ಚರ್ಮದೊಳಕ್ಕೆ ಹಾಕಿ, 48ರಿಂದ 72 ಗಂಟೆಗಳೊಳಗೆ ಗಂಟನ್ನು ಅಳೆಯುತ್ತಾರೆ. ಕೆಂಪು ಲೆಕ್ಕಕ್ಕಿಲ್ಲ, ಗಟ್ಟಿಯಾದ ಭಾಗ ಮಾತ್ರ ಲೆಕ್ಕ. ಖರ್ಚು ಕಡಿಮೆ, ಆದರೆ ಎರಡು ಸಾರಿ ಹೋಗಬೇಕು. ನಮ್ಮ ದೇಶದಲ್ಲಿ 1948ರಿಂದ ಕೊಡುತ್ತ ಬಂದಿರುವ ಬಿ.ಸಿ.ಜಿ. ಲಸಿಕೆಯಿಂದಲೂ ಗಂಟು ಏಳಬಹುದು.

ಇನ್ನೊಂದು, ಇಗ್ರಾ ಎಂಬ ರಕ್ತಪರೀಕ್ಷೆ. ರಕ್ತದ ಬಿಳಿಯ ಕಣಗಳಿಗೆ ಕ್ಷಯಕ್ರಿಮಿಯ ಗುರುತು ಇದೆಯೇ ಎಂದು ಅದು ನೋಡುತ್ತದೆ. ಲಸಿಕೆಯಿಂದ ಅದು ಮೋಸಹೋಗುವುದಿಲ್ಲ. ರಕ್ತ ಕೊಡಲು ಒಂದೇ ಸಾರಿ ಹೋದರೆ ಸಾಕು. ಆದರೆ ಒಳ್ಳೆಯ ಪ್ರಯೋಗಶಾಲೆ ಬೇಕು, ಹಣವೂ ಹೆಚ್ಚು.

ಬಾಂಧವರೇ, ಮುಖ್ಯ ಮಾತು ಇದು: ಎರಡು ಪರೀಕ್ಷೆಗಳೂ ಕ್ರಿಮಿ ಎಂದಾದರೂ ದೇಹವನ್ನು ಹೊಕ್ಕಿತ್ತೇ ಎಂಬುದನ್ನಷ್ಟೇ ಹೇಳುತ್ತವೆ. ಈಗ ರೋಗವಿದೆಯೇ ಎಂದು ಎರಡೂ ಹೇಳಲಾರವು. ಕ್ರಿಮಿ ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಉಳಿದವರಲ್ಲಿ ಕ್ರಿಮಿ ಮಲಗಿರುತ್ತದೆ. ಅವರಿಂದ ಯಾರಿಗೂ ಅಂಟುವುದಿಲ್ಲ. ಗಂಟು ಎದ್ದವನನ್ನು ಹೊರಗೆ ಹಾಕುವುದು ಅನ್ಯಾಯ. ಅವನಿಗೆ ಎಕ್ಸ್‌ರೇ ತೆಗೆಸಿ, ರೋಗವಿಲ್ಲವೆಂದು ಖಚಿತವಾದರೆ ಡಾಕ್ಟರು ಮುಂಜಾಗ್ರತೆಯ ಗುಳಿಗೆ ಕೊಡುತ್ತಾರೆ. ಹಾಗೆಯೇ ಗಂಟು ಏಳಲಿಲ್ಲವೆಂದು ಕೆಮ್ಮನ್ನು ಅಲಕ್ಷಿಸುವುದೂ ತಪ್ಪು. ದೇಹ ಸೊರಗಿದವನಿಗೆ ರೋಗವಿದ್ದರೂ ಗಂಟು ಏಳದಿರಬಹುದು.

ಇನ್ನೊಂದು ಎಚ್ಚರಿಕೆ. ರಕ್ತದಲ್ಲಿ ಪ್ರತಿಕಾಯ ಹುಡುಕಿ ಕ್ಷಯ ಇದೆ, ಇಲ್ಲ ಎಂದು ಹೇಳುವ ಬೇರೊಂದು ಬಗೆಯ ಪರೀಕ್ಷೆ ಇತ್ತು. ಅದು ನಂಬತಕ್ಕದ್ದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸಾರಿತು. ಭಾರತ ಸರ್ಕಾರ 2012ರಲ್ಲಿ ಅದನ್ನು ನಿಷೇಧಿಸಿತು. ಯಾರಾದರೂ ಅದಕ್ಕೆ ಹಣ ಕೇಳಿದರೆ ಕೊಡಬೇಡಿ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಕಫ ಪರೀಕ್ಷೆ ಮಾಡಿಸಿರಿ. ಗಾಂಧಿ ಆಸ್ಪತ್ರೆಯಾಗಲಿ, ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರವಾಗಲಿ, ಪರೀಕ್ಷೆಗೂ ಗುಳಿಗೆಗೂ ಕಾಸು ಕೊಡಬೇಕಾಗಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ.

ಕೆಲಸ ಹೋದೀತೆಂದು ಕೆಮ್ಮನ್ನು ಮುಚ್ಚಿಡುವವನಿಂದಲೇ ಕೋಣೆಗೆಲ್ಲ ರೋಗ ಹರಡುತ್ತದೆ. ಅವನು ಹೆದರದೆ ಬಾಯಿಬಿಡಬೇಕಾದರೆ ಅವನ ಕೆಲಸಕ್ಕೆ ನಾವು ಕಾವಲು ನಿಲ್ಲಬೇಕು. ಊರಿಗೆ ಹೋದ ಆ ಮೂವರನ್ನು ಮರಳಿ ಕರೆಸುವಂತೆ ಧಣಿಗಳನ್ನು ಕೇಳೋಣ. ನೀವೆಲ್ಲರೂ ಜತೆಗೆ ಬರಬೇಕೆಂದು ಬೇಡಿ, ಮಾತು ಮುಗಿಸುತ್ತೇವೆ.