ಗೋಡೆ ಓದುತ್ತಾ ಒಂದು ನಡಿಗೆ



ನಮ್ಮ ಊರುಗಳ ಗೋಡೆಗಳ ಮೇಲೆ ‘ಇಲ್ಲಿ ಭಿತ್ತಿಪತ್ರ ಅಂಟಿಸಬಾರದು’ ಎಂಬ ಎಚ್ಚರಿಕೆಯನ್ನು ನಾವೆಲ್ಲ ನೋಡಿದ್ದೇವೆ. ಆ ಎಚ್ಚರಿಕೆಯ ಮೇಲೆಯೇ ಯಾರೋ ಪೋಸ್ಟರ್ ಅಂಟಿಸಿರುವುದನ್ನೂ ನೋಡಿದ್ದೇವೆ. ಗೋಡೆ ಒಬ್ಬರದು, ಅದನ್ನು ನೋಡುವ ಕಣ್ಣು ಊರಿನವರೆಲ್ಲರದು. ಹಾಗಿರುವಾಗ ಅದರ ಮೇಲೆ ಬರೆಯುವ ಹಕ್ಕು ಯಾರದು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಒಂದು ನಗರದಲ್ಲಿ ಈ ಪ್ರಶ್ನೆಗಾಗಿ ಒಬ್ಬ ಹುಡುಗ ಪ್ರಾಣ ಕಳೆದುಕೊಂಡ. ಅದೇ ನಗರದಲ್ಲಿ ಇಂದು ಗೋಡೆಯ ಚಿತ್ರಗಳನ್ನು ತೋರಿಸಲು ಪ್ರವಾಸಿಗಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುತ್ತಾರೆ. ಆ ನಗರ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೋಟಾ. ಈ ಹೊತ್ತು ಅಲ್ಲಿಯ ಬೀದಿಗಳಲ್ಲಿ ನಾವೂ ಸ್ವಲ್ಪ ಸುತ್ತಾಡೋಣ.

ಬೊಗೋಟಾ ಆಂಡಿಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಹಳೆಯ ಪೇಟೆಯ ಹೆಸರು ಲಾ ಕಾಂದೆಲಾರಿಯಾ. ಸ್ಪೇನ್ ದೇಶದವರ ಆಳ್ವಿಕೆಯ ಕಾಲದ ಹೆಂಚಿನ ಮನೆಗಳು, ಕಿರಿದಾದ ಏರುಬೀದಿಗಳು, ಹಿಂದೆ ಗೋಡೆಯಂತೆ ನಿಂತ ಬೆಟ್ಟ. 2011ರಲ್ಲಿ ಇಲ್ಲಿ ‘ಬೊಗೋಟಾ ಗ್ರಾಫಿಟಿ ಟೂರ್’ ಎಂಬ ನಡಿಗೆ ಶುರುವಾಯಿತು. ಅದನ್ನು ಆರಂಭಿಸಿದವರಲ್ಲಿ ಕ್ರಿಸ್ಪ್ ಎಂಬ ಹೆಸರಿನಿಂದ ಬೀದಿಯಲ್ಲಿ ಚಿತ್ರ ಬರೆಯುವ ಆಸ್ಟ್ರೇಲಿಯಾದ ಕಲಾವಿದನೂ ಒಬ್ಬ. ಸುಮಾರು ಎರಡೂವರೆ ಗಂಟೆಯ ನಡಿಗೆ ಅದು. ಪ್ರವೇಶಶುಲ್ಕವೆಂದು ಇಟ್ಟುಕೊಳ್ಳದೆ, ಬಂದವರು ಕೊನೆಯಲ್ಲಿ ಮನಸ್ಸಿಗೆ ತೋಚಿದ್ದನ್ನು ಕೊಡುವ ಪದ್ಧತಿಯನ್ನು ಅವರು ಇಟ್ಟುಕೊಂಡರು.

ಇಂಥ ನಡಿಗೆಯಲ್ಲಿ ಮಾರ್ಗದರ್ಶಕ ಮೊದಲು ಕಲಿಸುವುದು ಗೋಡೆಯನ್ನು ಓದುವ ಕ್ರಮವನ್ನು. ನಮಗೆ ಎಲ್ಲವೂ ಒಂದೇ ಬಗೆಯ ಗೀಚಾಟವಾಗಿ ಕಾಣುತ್ತದೆ. ಆದರೆ ಅದರಲ್ಲಿ ಜಾತಿಗಳಿವೆ. ಬಣ್ಣದ ಡಬ್ಬಿಯಿಂದ ಕೆಲವೇ ಸೆಕೆಂಡುಗಳಲ್ಲಿ ಹಾಕಿ ಹೋಗುವ ಸಹಿಗೆ ಟ್ಯಾಗ್ ಎಂದು ಹೆಸರು. ‘ನಾನು ಇಲ್ಲಿಗೆ ಬಂದಿದ್ದೆ’ ಎನ್ನುವುದಷ್ಟೇ ಅದರ ಅರ್ಥ. ರಟ್ಟಿನಲ್ಲಿ ಆಕಾರ ಕತ್ತರಿಸಿಕೊಂಡು, ಗೋಡೆಗೆ ಹಿಡಿದು, ಮೇಲೆ ಬಣ್ಣ ಸಿಂಪಡಿಸಿದರೆ ಅದು ಸ್ಟೆನ್ಸಿಲ್. ಕೆಲಸ ಮನೆಯಲ್ಲೇ ಮುಗಿದಿರುತ್ತದೆ, ಬೀದಿಯಲ್ಲಿ ನಿಲ್ಲಬೇಕಾದದ್ದು ಒಂದು ನಿಮಿಷ ಮಾತ್ರ. ಪೊಲೀಸರ ಭಯವಿರುವ ಕಡೆ ಈ ವಿಧಾನ ಬೆಳೆಯುತ್ತದೆ. ಇನ್ನು ಏಣಿ ಹಾಕಿ, ದಿನಗಟ್ಟಲೆ ನಿಂತು ಬರೆದ ದೊಡ್ಡ ಭಿತ್ತಿಚಿತ್ರ. ಅದನ್ನು ಕಂಡರೆ ಯಾರೋ ಒಪ್ಪಿಗೆ ಕೊಟ್ಟಿದ್ದಾರೆ ಎಂದು ತಿಳಿಯಬಹುದು. ಹೀಗೆ ಚಿತ್ರದ ವಿಷಯವನ್ನು ನೋಡುವ ಮೊದಲೇ, ಬರೆದವನಿಗೆ ಎಷ್ಟು ಸಮಯವಿತ್ತು, ಎಷ್ಟು ಭಯವಿತ್ತು ಎಂಬುದನ್ನು ಗೋಡೆ ಹೇಳಿಬಿಡುತ್ತದೆ.

ಆಮೇಲೆ ಕಲಾವಿದರ ಪರಿಚಯ. ಡಿಜೆ ಲೂ ಎಂಬಾತನ ಸ್ಟೆನ್ಸಿಲ್‌ಗಳಲ್ಲಿ ಒಂದು ಅನಾನಸ್ ಹಣ್ಣು ಪದೇ ಪದೇ ಬರುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ಹಣ್ಣೂ ಹೌದು, ಕೈಬಾಂಬೂ ಹೌದು. ದಶಕಗಳ ಕಾಲ ಸೇನೆ, ಗೆರಿಲ್ಲಾಗಳು, ಖಾಸಗಿ ಸಶಸ್ತ್ರ ಪಡೆಗಳ ನಡುವಿನ ಕಾಳಗದಲ್ಲಿ ನಲುಗಿದ ದೇಶಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗ್ವಾಚೆ ಎಂಬವರು ಮೂಲನಿವಾಸಿ ಜನರ ಮುಖಗಳನ್ನು ಗಾಢ ಬಣ್ಣಗಳಲ್ಲಿ ಬರೆಯುತ್ತಾರೆ. ಬಾಸ್ತಾರ್ದಿಯಾ ಎಂಬ ಹೆಸರಿನ ಕಲಾವಿದೆ ತಮ್ಮ ಗುರುತನ್ನು ಮರೆಮಾಡಿಕೊಂಡೇ ಹೆಂಗಸರ ಮೇಲಿನ ಹಿಂಸೆಯ ಬಗ್ಗೆ ಬರೆದವರು. ಸಹಿ ಇದೆ, ಮುಖವಿಲ್ಲ. ಇದು ಈ ಕಲೆಯ ಒಂದು ಲಕ್ಷಣ.

ಈಗ ನಾನು ಮೊದಲು ಹೇಳಿದ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನ ಹೆಸರು ದಿಯೆಗೊ ಫೆಲಿಪೆ ಬೆಸೆರ್ರಾ. ವಯಸ್ಸು 16. 2011ರ ಆಗಸ್ಟ್ 19ರ ರಾತ್ರಿ ಗೆಳೆಯರೊಡನೆ ಗೋಡೆಯ ಮೇಲೆ ಚಿತ್ರ ಬರೆಯಲು ಹೋಗಿದ್ದ. ಫೆಲಿಕ್ಸ್ ಎಂಬ ಕಾರ್ಟೂನ್ ಬೆಕ್ಕು ಅವನಿಗೆ ಇಷ್ಟದ ಚಿತ್ರ. ಪೊಲೀಸರನ್ನು ಕಂಡು ಓಡಿದ. ಬೆನ್ನಿಗೆ ಗುಂಡು ಬಿತ್ತು. ಹುಡುಗ ಬಸ್ಸು ದರೋಡೆ ಮಾಡಿದ್ದನೆಂದು ಪೊಲೀಸರು ಹೇಳಿದರು. ಸ್ಥಳದಲ್ಲಿ ಒಂದು ಪಿಸ್ತೂಲೂ ಸಿಕ್ಕಿತು. ಅದನ್ನು ತಂದು ಇಟ್ಟದ್ದು, ದರೋಡೆಯ ಕಥೆ ಕಟ್ಟಿದ್ದು ಎಂಬುದು ತನಿಖೆಯಲ್ಲಿ ಹೊರಬಂತು. ಮಗನಿಗೆ ಅಂಟಿಸಿದ ಕಳ್ಳನೆಂಬ ಹೆಸರನ್ನು ತೊಳೆಯಲು ತಂದೆತಾಯಿ ವರ್ಷಗಟ್ಟಲೆ ಹೋರಾಡಿದರು. ಗುಂಡು ಹಾರಿಸಿದ ಪೊಲೀಸನಿಗೆ ಮುಂದೆ ಶಿಕ್ಷೆಯಾಯಿತು.

ಆ ಸಾವಿನಿಂದ ನಗರ ಕದಲಿತು. ಗೋಡೆಯ ಮೇಲೆ ಬರೆಯುವವರು ಬೀದಿಗಿಳಿದರು. ಎಲ್ಲಿ ಬರೆಯಬಹುದು, ಎಲ್ಲಿ ಬರೆಯಬಾರದು ಎಂಬುದನ್ನು ಸ್ಪಷ್ಟಪಡಿಸಬೇಕೆಂಬ ಒತ್ತಾಯ ಹೆಚ್ಚಿತು. 2013ರಲ್ಲಿ, ಗುಸ್ತಾವೊ ಪೆತ್ರೊ ಮೇಯರ್ ಆಗಿದ್ದಾಗ, 75ನೆಯ ಸಂಖ್ಯೆಯ ಆಜ್ಞೆ ಹೊರಟಿತು. ಇದೇ ಪೆತ್ರೊ 2022ರಲ್ಲಿ ದೇಶದ ಅಧ್ಯಕ್ಷರಾಗಿ ಆಯ್ಕೆಯಾದರು. ಆಜ್ಞೆಯ ತಿರುಳು ಸರಳವಾದದ್ದು: ಸ್ಮಾರಕಗಳ ಮೇಲೆ ಬರೆಯಬಾರದು, ಖಾಸಗಿ ಗೋಡೆಗೆ ಮಾಲೀಕರ ಒಪ್ಪಿಗೆ ಬೇಕು, ಗ್ರಾಫಿಟಿಯನ್ನು ಹೊಣೆಯರಿತ ಕಲೆಯಾಗಿ ನಗರಾಡಳಿತ ಉತ್ತೇಜಿಸುತ್ತದೆ. ಬೊಗೋಟಾದಲ್ಲಿ ಹಗಲು ಬೆಳಕಿನಲ್ಲಿ ಏಣಿ ಹಾಕಿ ಬರೆದ ಚಿತ್ರಗಳು ಇಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣ.

ಆದರೆ ಕಾನೂನಿನ ಕಣ್ಣು ಎಲ್ಲರನ್ನೂ ಒಂದೇ ರೀತಿ ಕಂಡಿತೇ? ಅದೇ 2013ರ ಅಕ್ಟೋಬರ್ ಕೊನೆಯಲ್ಲಿ ಕೆನಡಾದ ಗಾಯಕ ಜಸ್ಟಿನ್ ಬೀಬರ್ ಕಾರ್ಯಕ್ರಮಕ್ಕೆಂದು ಬೊಗೋಟಾಕ್ಕೆ ಬಂದಿದ್ದ. ರಾತ್ರಿ ಇಪ್ಪತ್ತಾರನೆಯ ಬೀದಿಗೆ ಹೋಗಿ ಗೋಡೆಯ ಮೇಲೆ ಚಿತ್ರ ಬರೆದ. ಪೊಲೀಸರು ಸುತ್ತ ನಿಂತು ಅವನಿಗೆ ಕಾವಲು ಕೊಟ್ಟರು. ಎರಡು ವರ್ಷದ ಹಿಂದೆ ಅದೇ ಕೆಲಸಕ್ಕೆ ಊರಿನ ಹುಡುಗನಿಗೆ ಸಿಕ್ಕಿದ್ದು ಗುಂಡು. ಸ್ಥಳೀಯ ಕಲಾವಿದರು ಭಾಷಣ ಮಾಡಲಿಲ್ಲ. ಗುಂಪುಗುಂಪಾಗಿ ಅದೇ ಬೀದಿಗೆ ಬಂದು, ಒಂದು ಹಗಲು ಒಂದು ರಾತ್ರಿ ಗೋಡೆಗಳನ್ನು ಚಿತ್ರಗಳಿಂದ ತುಂಬಿದರು.

ಈ ಇಪ್ಪತ್ತಾರನೆಯ ಬೀದಿ ವಿಮಾನ ನಿಲ್ದಾಣದಿಂದ ನಗರದ ನಡುವಿಗೆ ಬರುವ ಹೆದ್ದಾರಿ. ಹೊರಗಿನಿಂದ ಬಂದವರು ಮೊದಲು ನೋಡುವುದೇ ಇದರ ಗೋಡೆಗಳನ್ನು. ಇಲ್ಲಿ ಹೈಮೆ ಗಾರ್ಸೋನ್ ಅವರ ನಗುಮುಖವನ್ನು ಬರೆದಿದ್ದಾರೆ. ಅಧಿಕಾರದಲ್ಲಿದ್ದವರನ್ನು ದೂರದರ್ಶನದಲ್ಲಿ ಅಣಕಿಸಿ ಜನರನ್ನು ನಗಿಸುತ್ತಿದ್ದ ಹಾಸ್ಯಗಾರ ಅವರು; 1999ರ ಆಗಸ್ಟ್ 13ರಂದು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಇದೇ ಬೀದಿಯ ಇನ್ನೊಂದು ಕಡೆ, 2013ರಲ್ಲಿ ವೆರ್ತಿಗೊ ಗ್ರಾಫಿಟಿ ಎಂಬ ತಂಡ ಬರೆದ ‘ಅದೃಶ್ಯರ ಮುತ್ತು’ ಎಂಬ ಭಾರಿ ಚಿತ್ರ. ಮನೆಮಠವಿಲ್ಲದೆ ಬೀದಿಯಲ್ಲಿ ಬದುಕುವ ಒಂದು ಗಂಡು, ಒಂದು ಹೆಣ್ಣು ಮುತ್ತಿಡುತ್ತಿರುವ ಛಾಯಾಚಿತ್ರವೇ ಅದಕ್ಕೆ ಮೂಲ. ನೆಲದ ಮೇಲೆ ಕೂತಿದ್ದರೆ ಯಾರೂ ತಿರುಗಿ ನೋಡದ ಇಬ್ಬರು, ಕಟ್ಟಡದ ಎತ್ತರಕ್ಕೆ ಬೆಳೆದ ಮೇಲೆ ಎಲ್ಲರಿಗೂ ಕಾಣಿಸುತ್ತಾರೆ.

ಅಳಿಸಿಹೋದ ಗೋಡೆಗಳೂ ಇವೆ. 2019ರ ಅಕ್ಟೋಬರಿನಲ್ಲಿ, ಸರ್ಕಾರದ ಹಿಂಸೆಗೆ ಬಲಿಯಾದವರ ಪರ ಸಂಘಟನೆಗಳು ಸೈನಿಕ ಶಾಲೆಯೊಂದರ ಎದುರು ‘ಆಜ್ಞೆ ಕೊಟ್ಟವರಾರು?’ ಎಂಬ ಚಿತ್ರ ಬರೆಯತೊಡಗಿದವು. ಅದರಲ್ಲಿ ಐವರು ಸೇನಾಧಿಕಾರಿಗಳ ಮುಖಗಳಿದ್ದವು. ಬಡ ಹುಡುಗರನ್ನು ಕೊಂದು, ಯುದ್ಧದಲ್ಲಿ ಸತ್ತ ಗೆರಿಲ್ಲಾಗಳೆಂದು ಲೆಕ್ಕ ತೋರಿಸಿದ ಪ್ರಕರಣಗಳನ್ನು ಕುರಿತ ಪ್ರಶ್ನೆ ಅದು. ಚಿತ್ರ ಮುಗಿಯುವ ಮೊದಲೇ ಸೈನಿಕರು ಬಂದು ಬಿಳಿ ಬಣ್ಣ ಬಳಿದರು. ಪರಿಣಾಮ ಉಲ್ಟಾ ಆಯಿತು. ಅಳಿಸಿದ ಚಿತ್ರ ಭಿತ್ತಿಪತ್ರವಾಗಿ, ಅಂಗಿಯ ಮೇಲಿನ ಅಚ್ಚಾಗಿ ದೇಶದ ತುಂಬ ಹರಡಿತು. ವಿಷಯ ನ್ಯಾಯಾಲಯ ಹತ್ತಿತು. 2021ರಲ್ಲಿ ಕೊಲಂಬಿಯಾದ ಸಂವಿಧಾನ ನ್ಯಾಯಾಲಯ ಚಿತ್ರದ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಶಾಂತಿ ಒಪ್ಪಂದದಂತೆ ರಚಿತವಾದ ವಿಶೇಷ ನ್ಯಾಯಮಂಡಳಿ, 2002ರಿಂದ 2008ರವರೆಗೆ ಹೀಗೆ ಕೊಲ್ಲಲ್ಪಟ್ಟವರು ಕನಿಷ್ಠ 6,402 ಮಂದಿ ಎಂದು ಹೇಳಿತು. ಚಿತ್ರದಲ್ಲಿ ಮೊದಲು ಬರೆದಿದ್ದ ಸಂಖ್ಯೆ 5,763. ಅಂದರೆ ಗೋಡೆ ಹೇಳಿದ್ದು ಹೆಚ್ಚಾಗಿರಲಿಲ್ಲ, ಕಡಿಮೆಯಾಗಿತ್ತು.

ಇಂಥ ಗೋಡೆಗಳ ಮುಂದೆ ಕ್ಯಾಮೆರಾ ಹಿಡಿದು ಪ್ರವಾಸಿಗಳು ನಿಲ್ಲುವುದು ಸರಿಯೇ ಎಂದು ನೀವು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ನಡಿಗೆ ಜನಪ್ರಿಯವಾದಂತೆ ಹೋಟೆಲಿನವರು, ಅಂಗಡಿಯವರು ತಮ್ಮ ಗೋಡೆಗೂ ಚಂದದ ಚಿತ್ರ ಬೇಕೆನ್ನುತ್ತಾರೆ. ಹಕ್ಕಿ, ಹೂವು, ಬಣ್ಣದ ಮುಖಗಳು ಹೆಚ್ಚುತ್ತವೆ. ಪ್ರಶ್ನೆ ಕೇಳುವ ಗೋಡೆಗಳು ಹಿಂದೆ ಸರಿಯುವ ಅಪಾಯವಿದೆ. ಇನ್ನೊಂದು ಪಕ್ಕವೂ ಇದೆ. ಕಲಾವಿದರಿಗೆ ಅನ್ನ ಹುಟ್ಟುತ್ತದೆ. ಹತ್ತು ದೇಶದ ಜನ ದಿನವೂ ಬಂದು ನೋಡುವ ಗೋಡೆಯನ್ನು ಗುಟ್ಟಾಗಿ ಅಳಿಸುವುದು ಅಷ್ಟು ಸುಲಭವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬರೆದ ಚಿತ್ರ ಮಳೆಬಿಸಿಲಿಗೆ ಮಾಸುತ್ತದೆ, ಅದರ ಮೇಲೆ ಇನ್ನೊಂದು ಬರುತ್ತದೆ. ಅಲ್ಲಿ ಮೊದಲು ಏನಿತ್ತು ಎಂಬುದು ನಡಿಗೆಯ ಮಾರ್ಗದರ್ಶಕನ ಬಾಯಲ್ಲಿ ಮಾತ್ರ ಉಳಿದಿರುತ್ತದೆ. ಬರೇ ಬಣ್ಣ ತೋರಿಸಿ ಫೋಟೋ ತೆಗೆಸಿ ಕಳುಹಿಸುವವನಿಗೂ, ದಿಯೆಗೊ ಫೆಲಿಪೆಯ ಹೆಸರು ಹೇಳಿ ಮುಂದೆ ನಡೆಯುವವನಿಗೂ ಇರುವ ವ್ಯತ್ಯಾಸ ಇದೇ.

ಗೋಡೆ ಓದಲು ಬೊಗೋಟಾಕ್ಕೇ ಹೋಗಬೇಕೆಂದಿಲ್ಲ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ಮೊಸಳೆಯನ್ನು ಮಾಡಿ ಇಟ್ಟದ್ದು ನಿಮಗೆ ನೆನಪಿರಬಹುದು. ಆಮೇಲೆ ಆ ಗುಂಡಿ ಮುಚ್ಚಿತು. ಮೊಸಳೆಯೂ ಹೋಯಿತು, ಹೋಗಲೆಂದೇ ಅದನ್ನು ಇಟ್ಟದ್ದು.

ಆದ್ದರಿಂದ ನನ್ನದೊಂದು ಸಲಹೆ. ನಿಮ್ಮ ಊರಿನಲ್ಲೇ ಆಗಲಿ, ಪರ ಊರಿನಲ್ಲೇ ಆಗಲಿ, ಗೋಡೆಯ ಮೇಲೆ ಚಿತ್ರ ಕಂಡಾಗ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಇದನ್ನು ಬರೆಯಲು ಒಪ್ಪಿಗೆ ಕೊಟ್ಟವರು ಯಾರು? ಇದರ ಕೆಳಗೆ ಮೊದಲು ಏನಿತ್ತು? ಇದನ್ನು ಅಳಿಸಬೇಕೆಂದು ಯಾರಿಗೆ ಅನ್ನಿಸೀತು? ಉತ್ತರ ಗೊತ್ತಿಲ್ಲದಿದ್ದರೆ ಪಕ್ಕದ ಚಹಾ ಅಂಗಡಿಯವರನ್ನು ಕೇಳಿ. ಬೀದಿಯವರಿಗೆ ಬೀದಿಯ ಕಥೆ ಗೊತ್ತಿರುತ್ತದೆ.