ರಕ್ತದ ಗುಂಪು ಮತ್ತು ಅನುವಂಶೀಯತೆ: ಕೋಷ್ಟಕ ಹೇಳದ ಮಾತು

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರೌಢಶಾಲೆಯಲ್ಲಿ ವಿಜ್ಞಾನ ಓದಿದ ನಿಮಗೆ ಗ್ರೆಗರ್ ಮೆಂಡೆಲನ ಹೆಸರು ಹೊಸದಲ್ಲ. ಬಟಾಣಿ ಗಿಡಗಳ ಮೇಲೆ ತಾನು ಮಾಡಿದ ಪ್ರಯೋಗಗಳನ್ನು ಆತ 1866ರಲ್ಲಿ ಪ್ರಕಟಿಸಿದ. ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಜೀನ್ ಬರುತ್ತದೆ. ಪ್ರಬಲವಾದದ್ದು ಹೊರಗೆ ಕಾಣುತ್ತದೆ, ದುರ್ಬಲವಾದದ್ದು ಅಡಗಿರುತ್ತದೆ. ಇದಿಷ್ಟು ಸರಳ ನಿಯಮ.

ಆದರೆ ಪ್ರಕೃತಿ ಎಲ್ಲ ಕಡೆಯೂ ಇಷ್ಟು ಸರಳವಲ್ಲ. ಕೆಂಪು ಮತ್ತು ಬಿಳಿ ಸಂಜೆಮಲ್ಲಿಗೆಯ ಶುದ್ಧ ತಳಿಗಳನ್ನು ಕೂಡಿಸಿದರೆ ಗುಲಾಬಿ ಬಣ್ಣದ ಹೂ ಬರುತ್ತದೆ. ಅಲ್ಲಿ ಯಾವುದೂ ಪೂರ್ಣ ಪ್ರಬಲವಲ್ಲ. ನಮ್ಮ ರಕ್ತದ ಗುಂಪಿನಲ್ಲಿ ಎ, ಬಿ, ಓ ಎಂಬ ಮೂರು ಬಗೆಯ ಜೀನ್‌ಗಳಿವೆ. ಎ ಮತ್ತು ಬಿ ಎರಡೂ ಬಂದರೆ ಎರಡೂ ಕಾಣಿಸಿಕೊಂಡು ಎಬಿ ಗುಂಪಾಗುತ್ತದೆ. ಇಷ್ಟನ್ನು ಪಠ್ಯಪುಸ್ತಕದ ಕೋಷ್ಟಕವೇ ಹೇಳುತ್ತದೆ. ನಾನು ಇಂದು ಹೇಳಬೇಕೆಂದಿರುವುದು ಆ ಕೋಷ್ಟಕ ಹೇಳದ ಮಾತನ್ನು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಂದೆಯ ರಕ್ತ ಪರೀಕ್ಷೆಯಲ್ಲಿ ಓ ಎಂದು ಬಂದಿದೆ, ತಾಯಿಯದು ಎ, ಮಗುವಿನದು ಎಬಿ. ಕೋಷ್ಟಕದ ಪ್ರಕಾರ ಮಗು ಎ ಅಥವಾ ಓ ಆಗಿರಬೇಕು. ಹಾಗಾದರೆ ಬಿ ಎಲ್ಲಿಂದ ಬಂತು? ಈ ಪ್ರಶ್ನೆ ಮನೆಯೊಳಗೆ ಬಂದರೆ ಬೆರಳು ತಿರುಗುವುದು ತಾಯಿಯ ಕಡೆಗೇ. ಒಂದು ಚೀಟಿಯಿಂದ ಸಂಸಾರವೇ ಒಡೆಯಬಹುದು. ಆದರೆ ಆ ತಾಯಿ ನಿರ್ದೋಷಿಯಾಗಿರಬಹುದು, ಮಗು ಆ ತಂದೆಯದೇ ಆಗಿರಬಹುದು.

ಇದರ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತು. 1952ರಲ್ಲಿ ಅಂದಿನ ಬೊಂಬಾಯಿಯ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಅದುವರೆಗೆ ಗೊತ್ತಿಲ್ಲದ ರಕ್ತದ ಬಗೆಯೊಂದನ್ನು ವರದಿ ಮಾಡಿದರು. ಅದಕ್ಕೆ ಬಾಂಬೆ ರಕ್ತದ ಗುಂಪು ಎಂದೇ ಹೆಸರಾಯಿತು. ಕೆಂಪು ರಕ್ತಕಣದ ಮೇಲೆ ಎಚ್ ಎಂಬ ವಸ್ತು ಇರುತ್ತದೆ. ಎ ಮತ್ತು ಬಿ ಗುರುತುಗಳು ಅದರ ಮೇಲೆಯೇ ಕೂಡಿಕೊಳ್ಳಬೇಕು. ಎಚ್ ತಯಾರಿಸುವ ಜೀನ್ ತಂದೆ, ತಾಯಿ ಇಬ್ಬರ ಕಡೆಯಿಂದಲೂ ಕೆಟ್ಟ ರೂಪದಲ್ಲೇ ಬಂದರೆ ಎಚ್ ಉಂಟಾಗುವುದಿಲ್ಲ. ಗೋಡೆಯೇ ಇಲ್ಲದ ಮೇಲೆ ಬಣ್ಣ ಬಳಿಯುವುದೆಲ್ಲಿ? ಬಿ ಜೀನ್ ಇದ್ದರೂ ಸಾಮಾನ್ಯ ಪರೀಕ್ಷೆ ಓ ಎಂದೇ ತೋರಿಸುತ್ತದೆ. ನಮ್ಮ ಉದಾಹರಣೆಯ ತಂದೆ ಅಂಥವನು. ಮಗುವಿಗೆ ತಾಯಿಯಿಂದ ಸರಿಯಾದ ಎಚ್ ಜೀನ್ ಸಿಕ್ಕಿತು. ತಂದೆಯಲ್ಲಿ ಅಡಗಿದ್ದ ಬಿ ಮಗುವಿನಲ್ಲಿ ಹೊರಬಂತು.

ಇದರಿಂದ ಮೆಂಡೆಲ್ ಸುಳ್ಳಾಗಲಿಲ್ಲ. ಎಬಿಓ ಜೀನ್ 9ನೇ ವರ್ಣತಂತುವಿನಲ್ಲಿದೆ, ಎಚ್ ಜೀನ್ 19ನೆಯದರಲ್ಲಿ. ಎರಡೂ ಅವನ ನಿಯಮದಂತೆಯೇ ಹರಿದುಬರುತ್ತವೆ. ಆದರೆ ಒಂದು ಇನ್ನೊಂದನ್ನು ಮರೆಮಾಚುತ್ತದೆ. ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದು ನೋಡಿ: ತಂದೆ ತಾಯಿ ಇಬ್ಬರೂ ಎಬಿ, ಇಬ್ಬರಲ್ಲೂ ಎಚ್ ಜೀನ್‌ನ ಒಂದು ಪ್ರತಿ ಕೆಟ್ಟಿದೆ. 16 ಪಾಲಿನಲ್ಲಿ 6 ಎಬಿ, 3 ಎ, 3 ಬಿ, ಉಳಿದ 4 ಓ ಎಂದು ಕಾಣುವ ಬಾಂಬೆ ಗುಂಪು.

ಈ ಗುಂಪು ಭಾರತದಲ್ಲಿ ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಇದೆಯೆಂದು ಅಂದಾಜು. ಇದು ರೋಗವಲ್ಲ. ಆದರೆ ಇವರಿಗೆ ಮಾಮೂಲಿ ಓ ರಕ್ತ ಕೊಟ್ಟರೆ ಪ್ರಾಣಾಪಾಯ; ಬಾಂಬೆ ಗುಂಪಿನ ರಕ್ತವೇ ಬೇಕು. ಆದ್ದರಿಂದ ರಕ್ತ ಕೊಡುವ ಮುನ್ನ ಕ್ರಾಸ್ ಮ್ಯಾಚ್ ಮಾಡುವುದನ್ನು ಬಿಡಬಾರದು. ರೋಗಿಯ ಸೀರಮ್ ಅನ್ನು ಓ ಗುಂಪಿನ ರಕ್ತಕಣಗಳೊಂದಿಗೆ ಬೆರೆಸಿದಾಗ ಅವು ಗಂಟುಕಟ್ಟಿದರೆ ಎಚ್ಚರಗೊಳ್ಳಬೇಕು. ಒಬ್ಬರಲ್ಲಿ ಈ ಗುಂಪು ಪತ್ತೆಯಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಒಳಿತು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವವಿದೆ. ಹತ್ತಿರದ ನೆಂಟರಲ್ಲಿ ಮದುವೆಯಾದಾಗ, ಒಂದೇ ಪೂರ್ವಜರಿಂದ ಬಂದ ಇಂಥ ಜೀನ್ ಎರಡೂ ಕಡೆ ಇರುವ ಸಾಧ್ಯತೆ ಹೆಚ್ಚುತ್ತದೆ.

ನಿಮ್ಮಲ್ಲಿ ಹಲವರು ನಾಳೆ ಲ್ಯಾಬ್ ಟೆಕ್ನೀಷಿಯನ್, ದಾದಿ, ವೈದ್ಯ, ಅಧ್ಯಾಪಕರಾಗುವಿರಿ. ಕೋಷ್ಟಕಕ್ಕೆ ಹೊಂದದ ಚೀಟಿ ಕೈಗೆ ಬಂದಾಗ ಮೊದಲು ಮರುಪರೀಕ್ಷೆ ಮಾಡಿಸಿ. ರಕ್ತದ ಗುಂಪೊಂದನ್ನೇ ನಂಬಿ ಯಾರ ಶೀಲದ ಮೇಲೂ ತೀರ್ಪು ಕೊಡಬೇಡಿ. ಅರ್ಧ ಕಲಿತ ವಿಜ್ಞಾನದಿಂದ ಒಬ್ಬ ಹೆಣ್ಣುಮಗಳ ಮಾನ ಹೋಗಬಾರದು. ಪೂರ್ತಿ ಕಲಿತರೆ ಅದೇ ವಿಜ್ಞಾನ ಆಕೆಯ ಪರವಾಗಿ ಸಾಕ್ಷಿ ನುಡಿಯುತ್ತದೆ.