ಒಂದು ವಿರಳ ಬಂದೂಕಿನ ವಂಶಾವಳಿ

1941ನೆಯ ಇಸವಿ ಮೇ ತಿಂಗಳ 20ನೆಯ ತಾರೀಕಿನ ಪ್ರಾತಃಕಾಲ ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದ ಮೇಲೆ ಜರ್ಮನಿಯ ಪ್ಯಾರಾಚೂಟ್ ಸೈನಿಕರು ಆಕಾಶಮಾರ್ಗವಾಗಿ ಇಳಿಯತೊಡಗಿದಾಗ, ಅವರಲ್ಲಿ ಬಹುಮಂದಿಯ ಬಳಿಯಿದ್ದುದು ಒಂದು ಪಿಸ್ತೂಲು, ಕೆಲವು ಕೈಬಾಂಬುಗಳು, ಒಂದು ಚೂರಿ, ಇಷ್ಟೇ. ಅವರ ರೈಫಲ್ಲುಗಳೂ ಮೆಷಿನ್‌ಗನ್ನುಗಳೂ ಪ್ರತ್ಯೇಕವಾದ ಪೆಟ್ಟಿಗೆಗಳಲ್ಲಿ ಅಡಕವಾಗಿ, ಬೇರೆ ಪ್ಯಾರಾಚೂಟುಗಳಿಗೆ ಜೋತು, ಗಾಳಿ ಒಯ್ದತ್ತ ಬೀಳುತ್ತಿದ್ದುವು. ಆ ಸೈನ್ಯದ ಪ್ಯಾರಾಚೂಟಿನ ರಚನೆಯೇ ಹಾಗಿತ್ತು. ಹಗ್ಗಗಳೆಲ್ಲ ಬೆನ್ನಿನ ಮೇಲ್ಗಡೆ ಒಂದೆಡೆ ಕೂಡಿದ್ದುದರಿಂದ ಇಳಿಯುವವನು ಮುಂದಕ್ಕೆ ಬಾಗಿ ತೂಗುತ್ತ, ಬೇಕಾದತ್ತ ಹೊರಳಿಕೊಳ್ಳುವ ಸ್ವಾತಂತ್ರ್ಯವಿಲ್ಲದೆ, ಕೈಕಾಲುಗಳನ್ನೂರಿ ನೆಲಕ್ಕುರುಳಬೇಕಾಗಿತ್ತು. ಅಂಥ ಪತನದಲ್ಲಿ ಉದ್ದನೆಯ ಬಂದೂಕನ್ನು ಮೈಗೆ ಕಟ್ಟಿಕೊಳ್ಳುವುದೆಂದರೆ ತನ್ನ ಎಲುಬನ್ನು ತಾನೇ ಮುರಿದುಕೊಂಡಂತೆ. ಮಾಲೆಮೆಯ ವಿಮಾನನಿಲ್ದಾಣದ ಸುತ್ತ ಕಾದಿದ್ದ ನ್ಯೂಜೀಲೆಂಡಿನ ಯೋಧರ ಗುಂಡಿಗೆ, ಆಯುಧದ ಪೆಟ್ಟಿಗೆಯನ್ನು ಅರಸುತ್ತಿದ್ದ ತರುಣರು ಗುಂಪುಗುಂಪಾಗಿ ಬಲಿಯಾದರು. ದ್ವೀಪವೇನೋ ಜರ್ಮನರ ಕೈಸೇರಿತು; ಆದರೆ ಮಡಿದವರೂ ಕಾಣೆಯಾದವರೂ ಸೇರಿ ಅವರ ಕಡೆಯಲ್ಲಿ ಸುಮಾರು 4,000 ಮಂದಿ. ಆ ಕ್ರೋಧವನ್ನು ಅವರು ಕೊಂಡೊಮಾರಿ ಎಂಬ ಹಳ್ಳಿಯ ನಿರಾಯುಧ ಗಂಡಸರನ್ನು ಕೊಂದು ತೀರಿಸಿಕೊಂಡರೆಂಬುದನ್ನು ಆಯುಧದ ಚರಿತ್ರೆಯನ್ನು ಹೇಳುವಾಗಲೂ ಮರೆಯಲಾಗದು.

ಆ ವರ್ಷದ ಕೊನೆಯಲ್ಲಿ ಜರ್ಮನಿಯ ವಾಯುಸೇನೆ ಒಂದು ವಿಚಿತ್ರವಾದ ಬೇಡಿಕೆಯನ್ನು ಮುಂದಿಟ್ಟಿತು. ಪ್ಯಾರಾಚೂಟ್ ಪಡೆ ಆ ದೇಶದಲ್ಲಿ ಭೂಸೇನೆಗೆ ಸೇರದೆ ಗೋರಿಂಗನ ವಾಯುಸೇನೆಗೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಬೇಕಾದ ಆಯುಧ ಒಂದು ಮೀಟರಿಗಿಂತ ಗಿಡ್ಡವಾಗಿರಬೇಕು. ತೂಕದಲ್ಲಿ ಸಾಮಾನ್ಯ ರೈಫಲ್ಲಿಗಿಂತ ಹೆಚ್ಚು ಮೀರಬಾರದು. ಆದರೂ ಭೂಸೇನೆಯ ರೈಫಲ್ಲೂ ಮೆಷಿನ್‌ಗನ್ನೂ ಬಳಸುವ 7.92 ಮಿಲಿಮೀಟರಿನ ಪೂರ್ಣಬಲದ ತೋಟಾವನ್ನೇ ಹಾರಿಸಬೇಕು. ದೂರದ ಗುರಿಗೆ ಒಂದೊಂದಾಗಿ, ಹತ್ತಿರದ ಶತ್ರುವಿಗೆ ಸತತವಾಗಿ. ಭೂಸೇನೆಯ ಶಸ್ತ್ರವಿಭಾಗದವರು ಇದು ಅಸಾಧ್ಯವೆಂದು ಕೈಬಿಟ್ಟರು. ಅವರ ಮಾತು ನಿರಾಧಾರವಾದುದೆಂದು ನಾನು ಹೇಳಲಾರೆ. ಅಷ್ಟು ಬಲದ ಮದ್ದು ಅಷ್ಟು ಹಗುರವಾದ ಬಂದೂಕಿನಲ್ಲಿ ಒಂದರ ಹಿಂದೊಂದು ಸ್ಫೋಟಿಸಿದರೆ ಅದನ್ನು ಭುಜಕ್ಕೊತ್ತಿ ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಅವರು ಬಲ್ಲವರಾಗಿದ್ದರು.

ವಾಯುಸೇನೆ ತನ್ನ ದಾರಿಯನ್ನೇ ಹಿಡಿಯಿತು. ರೈನ್‌ಮೆಟಾಲ್ ಸಂಸ್ಥೆಯ ಸೋಮರ್ಡಾ ಕಾರ್ಖಾನೆಯಲ್ಲಿದ್ದ ಲೂಯಿ ಷ್ಟಾಂಗೆ ಎಂಬ ಅನುಭವಶಾಲಿಯಾದ ಶಿಲ್ಪಿ ಈ ಅಸಾಧ್ಯವನ್ನು ಸಾಧಿಸಲು ಕುಳಿತನು. ಅವನು ರಚಿಸಿದ ಬಂದೂಕಿಗೆ ಪ್ಯಾರಾಚೂಟ್ ಸೈನಿಕರ ರೈಫಲ್ 42 ಎಂಬರ್ಥದ ಹೆಸರಾಯಿತು. ಲೋಕದಲ್ಲಿ ಅದು ಎಫ್‌.ಜಿ. 42 ಎಂದೇ ಪ್ರಸಿದ್ಧ. ಅದರ ಮೊದಲ ರೂಪದ ತೂಕ ಸುಮಾರು 4.2 ಕಿಲೋಗ್ರಾಂ. ಹಿಂದೆಸೆತ ಬಂದೂಕಿನ ಮೂತಿಯನ್ನು ಮೇಲಕ್ಕೆತ್ತದೆ ನೇರವಾಗಿ ಭುಜಕ್ಕೆ ಬರಲೆಂದು ಅವನು ಹಿಂಬದಿಯ ದಿಮ್ಮಿಯನ್ನು ನಳಿಗೆಯ ನೇರದಲ್ಲಿಯೇ ಇಟ್ಟನು; ಉದ್ದವನ್ನು ಉಳಿಸುವುದಕ್ಕಾಗಿ ಇಪ್ಪತ್ತು ತೋಟಾಗಳ ಮ್ಯಾಗಜೀನನ್ನು ಎಡಪಕ್ಕಕ್ಕೆ ಜೋಡಿಸಿದನು.

ಆದರೆ ಅದರ ಹೃದಯಭಾಗ ಷ್ಟಾಂಗೆಯ ಸ್ವಂತ ಕಲ್ಪನೆಯಲ್ಲ. ಬಾಗಿಲಿಗೆ ಅಗುಳಿಯಿದ್ದಂತೆ ತೋಟಾದ ಬೆನ್ನ ಹಿಂದೆ ಭದ್ರವಾಗಿ ನಿಲ್ಲುವ ಬೋಲ್ಟನ್ನು, ನಳಿಗೆಯಿಂದ ಕದ್ದ ಸ್ವಲ್ಪ ಹೊಗೆಯ ಒತ್ತಡದಿಂದ ಹಿಂದಕ್ಕೆ ಸರಿಯುವ ಒಂದು ದಂಡವು ತಿರುಗಿಸಿ ಬಿಡಿಸುತ್ತದೆ. ಆ ದಂಡದ ಮೇಲೆ ನಿಂತ ಒಂದು ಗೂಟ ಬೋಲ್ಟಿನ ಓರೆಯಾದ ಕಂಡಿಯಲ್ಲಿ ಚಲಿಸುತ್ತ ಅದನ್ನು ತಿರುಚುವುದೇ ಇದರ ಮರ್ಮ. ಈ ಉಪಾಯವಿದ್ದುದು ಲೂಯಿಸ್ ಗನ್ನಿನಲ್ಲಿ. ಸ್ಯಾಮ್ಯುಯೆಲ್ ಮೆಕ್ಲೀನ್ ಎಂಬ ಅಮೆರಿಕನ್ನನು ಆರಂಭಿಸಿದ ರಚನೆಯನ್ನು ಐಸಾಕ್ ನ್ಯೂಟನ್ ಲೂಯಿಸ್ ಎಂಬ ಸೇನಾಧಿಕಾರಿ 1911ರ ಸುಮಾರಿಗೆ ಪರಿಷ್ಕರಿಸಿದನು. ಅಮೆರಿಕದ ಸೇನೆ ಅದನ್ನು ಒಲ್ಲೆನೆಂದಿತು. ಅವನು ಯೂರೋಪಿಗೆ ಹೋದನು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪಡೆಗಳು ಅದನ್ನು ಸಹಸ್ರಾರು ಸಂಖ್ಯೆಯಲ್ಲಿ ಹೊತ್ತವು. ಸೆರೆಸಿಕ್ಕ ಲೂಯಿಸ್ ಗನ್ನುಗಳನ್ನು ಜರ್ಮನರೂ ಆದರದಿಂದ ಬಳಸಿಕೊಂಡರು. ಹೀಗೆ ಅಮೆರಿಕದಲ್ಲಿ ಹುಟ್ಟಿ ಅಲ್ಲಿ ಮನ್ನಣೆ ದೊರೆಯದೆ ಹೊರಟ ಒಂದು ವಿಚಾರ ಸುಮಾರು ಮೂವತ್ತು ವರ್ಷ ಕಳೆದು ಷ್ಟಾಂಗೆಯ ಮೇಜಿಗೆ ಬಂದಿತ್ತು.

ಅದಕ್ಕೆ ಅವನು ಸೇರಿಸಿದ ಅಂಶವೇ ನನಗೆ ಅತ್ಯಂತ ಶ್ಲಾಘ್ಯವಾಗಿ ತೋರುತ್ತದೆ. ಸತತವಾಗಿ ಗುಂಡು ಹಾರಿಸಿದಾಗ ನಳಿಗೆ ಕೆಂಡವಾಗುತ್ತದೆ. ಆಗ ಅದರೊಳಗೆ ತೋಟಾವನ್ನು ಇಟ್ಟುಬಿಟ್ಟರೆ ಕುದುರೆ ಎಳೆಯುವ ಮೊದಲೇ ಕಾವಿಗೆ ಸಿಡಿಯಬಹುದು. ಆದ್ದರಿಂದ ಮೆಷಿನ್‌ಗನ್ನುಗಳಲ್ಲಿ ಬಹುಪಾಲು ಬೋಲ್ಟನ್ನು ಹಿಂದೆ ನಿಲ್ಲಿಸಿ ನಳಿಗೆಗೆ ಗಾಳಿಯಾಡಲು ಬಿಡುತ್ತವೆ. ಆದರೆ ಹಾಗೆ ನಿಂತ ಬೋಲ್ಟು ಕುದುರೆ ಎಳೆದಾಗ ದಡಕ್ಕನೆ ಮುಂದೆ ನುಗ್ಗುವುದರಿಂದ ಸೂಕ್ಷ್ಮವಾದ ಗುರಿ ಕದಲುತ್ತದೆ. ಷ್ಟಾಂಗೆ ಒಂದೇ ಬಂದೂಕಿನಲ್ಲಿ ಎರಡನ್ನೂ ಕೂಡಿಸಿದನು. ಒಂದೊಂದಾಗಿ ಹಾರಿಸುವಾಗ ಬೋಲ್ಟು ಮುಂದೆ ಸರಿದು ಭದ್ರಗೊಂಡು, ದಂಡ ಮಾತ್ರ ಸ್ವಲ್ಪ ಹಿಂದೆ ತಡೆದು ನಿಂತಿರುತ್ತದೆ; ಕುದುರೆ ಎಳೆದರೆ ಆ ಅಲ್ಪದೂರವನ್ನು ಮಾತ್ರ ಕ್ರಮಿಸಿ ಅದು ತೋಟಾವನ್ನು ಹೊಡೆಯುತ್ತದೆ. ಸತತವಾಗಿ ಹಾರಿಸುವಾಗ ಎಲ್ಲವೂ ಹಿಂದೆಯೇ ನಿಲ್ಲುತ್ತವೆ. ಯುದ್ಧದ ಉದ್ದೇಶಕ್ಕೆ ನಾವು ಎಷ್ಟೇ ಹೇಸಿದರೂ, ಇಂಥ ಬುದ್ಧಿಸೌಷ್ಠವವನ್ನು ಕಾಣದಂತೆ ನಟಿಸುವುದು ಪ್ರಾಮಾಣಿಕವಾಗದು.

ಆಯುಧ ಸಿದ್ಧವಾಗುವ ವೇಳೆಗೆ ಅದರ ಸಂದರ್ಭವೇ ಕಳೆದುಹೋಗಿತ್ತು. ಕ್ರೀಟಿನ ನಷ್ಟವನ್ನು ಕಂಡ ಹಿಟ್ಲರನು ಅಂಥ ದೊಡ್ಡ ಆಕಾಶದಾಳಿಗೆ ಮತ್ತೆ ಮನಸ್ಸು ಮಾಡಲಿಲ್ಲ. 1943ರ ಸೆಪ್ಟೆಂಬರ್ 12ರಂದು ಇಟಲಿಯ ಗ್ರಾನ್ ಸಾಸೋ ಪರ್ವತದ ಹೋಟೆಲಿನಿಂದ ಮುಸೊಲಿನಿಯನ್ನು ಬಿಡಿಸಿ ತಂದ ಸೈನಿಕರ ಕೈಯಲ್ಲಿ ಈ ಬಂದೂಕು ಕಾಣಿಸಿಕೊಂಡಿತು. ಆದರೆ ಅವರು ಬಂದುದು ಪ್ಯಾರಾಚೂಟುಗಳಲ್ಲಲ್ಲ, ಗ್ಲೈಡರುಗಳಲ್ಲಿ. ಆಮೇಲೆ ನಾರ್ಮಂಡಿಯಲ್ಲಿ ಅದನ್ನು ಹಿಡಿದವರು ಕಾಲ್ದಳದವರಂತೆಯೇ ಹೋರಾಡಿದರು. ಅದನ್ನು ತಯಾರಿಸುವ ಕೆಲಸ ಸೂಲ್ ಪಟ್ಟಣದ ಕ್ರೀಗ್‌ಹಾಫ್ ಕಾರ್ಖಾನೆಗೆ ಹೋಗಿತ್ತು. ಉತ್ತಮವಾದ ಉಕ್ಕಿಗೆ ಅಭಾವ ಬಂದುದರಿಂದ ರಚನೆಯನ್ನು ತಿದ್ದಬೇಕಾಯಿತು. ಎರಡನೆಯ ರೂಪ ಮೊದಲಿನದಕ್ಕಿಂತ ಭಾರವೂ ಉದ್ದವೂ ಆಗಿ, ಹಿಡಿಯುವವನಿಗೆ ಹೆಚ್ಚು ವಶವರ್ತಿಯಾಯಿತು. ಒಟ್ಟು ತಯಾರಾದುವು ಸುಮಾರು 7,000 ಎಂದು ಅಂದಾಜು. ಲಕ್ಷಗಟ್ಟಲೆ ಬಂದೂಕುಗಳ ಆ ಯುದ್ಧದಲ್ಲಿ ಇದು ಕಣ್ಣಿಗೆ ಬೀಳದಷ್ಟು ಸ್ವಲ್ಪ.

ಶ್ರೋತೃಗಳೇ, ಅದರ ನಿಜವಾದ ಚರಿತ್ರೆ ಇಲ್ಲಿಂದ ಮುಂದೆ. ಸ್ವಿಟ್ಜರ್ಲೆಂಡಿನ ಬರ್ನ್ ಶಸ್ತ್ರಾಗಾರದವರು ಇದನ್ನು ಅನುಸರಿಸಿ ಒಂದು ರೈಫಲ್ಲನ್ನು ರಚಿಸಿದರು. ಅದು ಪ್ರಯೋಗದಲ್ಲಿಯೇ ನಿಂತಿತು. ಅಮೆರಿಕನ್ನರ ಕಥೆ ಬೇರೆ. ಯುದ್ಧ ಮುಗಿದೊಡನೆ ಅವರು ವಶವಾದ ಎಫ್‌.ಜಿ. 42ಕ್ಕೆ ಎಂ.ಜಿ. 42 ಎಂಬ ಜರ್ಮನ್ ಮೆಷಿನ್‌ಗನ್ನಿನ, ತೋಟಾಗಳ ಪಟ್ಟಿಯನ್ನು ಒಳಗೆಳೆಯುವ ಯಂತ್ರವನ್ನು ಪಕ್ಕದಲ್ಲಿ ಕೂಡಿಸಿ, ಟಿ 44 ಎಂಬ ಮಿಶ್ರರೂಪವನ್ನು ಪರೀಕ್ಷಿಸಿದರು. ಅದು ಟಿ 52 ಆಗಿ, ಟಿ 161 ಆಗಿ, ಹತ್ತು ವರ್ಷಗಳಲ್ಲಿ ಬೆಳೆದು, 1957ರಲ್ಲಿ ಎಂ 60 ಎಂಬ ಹೆಸರಿನಿಂದ ಸೇನೆಯನ್ನು ಸೇರಿತು. ಲೂಯಿಸನನ್ನು ಹಿಂದಿರುಗಿಸಿದ ದೇಶವು ಅವನ ಗೂಟವನ್ನೂ ಓರೆಕಂಡಿಯನ್ನೂ ಸೋತ ಶತ್ರುವಿನ ಕೈಯಿಂದ ಸ್ವೀಕರಿಸಿದ ಬಗೆಯಿದು.

ಸ್ವೀಕರಿಸಿದವರ ವಿವೇಚನೆಯ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಎಂ.ಜಿ. 42ರಲ್ಲಿ ಕಾದ ನಳಿಗೆಯನ್ನು ಕೆಲವೇ ಕ್ಷಣಗಳಲ್ಲಿ ಬದಲಿಸಬಹುದಾಗಿತ್ತು. ಆ ಗುಣವನ್ನು ಬಿಟ್ಟು, ಎಂ 60ರಲ್ಲಿ ಬಂದೂಕನ್ನು ನೆಲದ ಮೇಲೆ ನಿಲ್ಲಿಸುವ ಊರುಗಾಲನ್ನು ನಳಿಗೆಗೇ ಅಂಟಿಸಿದರು. ಹೀಗಾಗಿ ನಳಿಗೆ ತೆಗೆದರೆ ಊರುಗಾಲೂ ಹೋಗಿ, ಹತ್ತು ಕಿಲೋಗ್ರಾಂ ಮೀರಿದ ಆ ಆಯುಧದ ಭಾರವನ್ನು ಸೈನಿಕನೇ ಹೊರಬೇಕು. ಕೈಗೆ ಆಸ್ಬೆಸ್ಟಾಸಿನ ಗವಸು ಬೇಕು. ವಿಯೆಟ್ನಾಮಿನ ಕಾಡುಗಳಲ್ಲಿ ಇದರ ಕಷ್ಟವನ್ನು ಅನುಭವಿಸಿದವರು ಇಪ್ಪತ್ತರ ಹರೆಯದ ಹುಡುಗರು.  ಕೊನೆಗೆ ಅಮೆರಿಕದ ಸೇನೆ ಬಹುಮಟ್ಟಿಗೆ ಬೆಲ್ಜಿಯಮ್ಮಿನ ಮ್ಯಾಗ್ ಎಂಬ ಮೆಷಿನ್‌ಗನ್ನಿಗೆ ಮಾರುಹೋಯಿತು. ನಮ್ಮ ಭಾರತೀಯ ಸೇನೆಯಲ್ಲಿಯೂ ಇರುವ ಅದರಲ್ಲಿ ಪಟ್ಟಿಯನ್ನೆಳೆಯುವ ಕ್ರಮ ಎಂ.ಜಿ. 42ರದೇ.

ಆದರೂ ಎಂ 60ರ ವಂಶ ಅಳಿಯಲಿಲ್ಲ. ಊರುಗಾಲನ್ನು ನಳಿಗೆಯಿಂದ ಬಿಡಿಸಿ, ಭಾರವನ್ನಿಳಿಸಿ, ಅದನ್ನು ಮತ್ತೆ ಮತ್ತೆ ತಿದ್ದಿದರು. 2014ರಲ್ಲಿ ಡೆನ್ಮಾರ್ಕಿನ ಸೇನೆ ತನ್ನ ಹಳೆಯ ಮೆಷಿನ್‌ಗನ್ನುಗಳಿಗೆ ಬದಲಾಗಿ ಎಂ 60 ಇ 6 ಎಂಬ ನೂತನ ರೂಪವನ್ನು ಆರಿಸಿಕೊಂಡಿತು. ತೆಗೆದಿರಿಸಿದುದು ಎಂ.ಜಿ. 42ರ ನೇರ ಸಂತಾನ. ಅದರ ಸ್ಥಾನಕ್ಕೆ ಬಂದುದು ಷ್ಟಾಂಗೆಯ ಬಂದೂಕಿನ ಸಂತಾನ.